ಕಾಗೆಗೆ ತೋರಿಸಿದ ಪಿರಮಿಡ್ಡಿನ ಪಿಕ್ಚರು

ಈಜಿಪ್ಟಿನ ಬಗ್ಗೆ ಇಡೀ ಸಿಂಧನೂರು ತಾಲೂಕಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ಜಂಬದ ಮಾತಲ್ಲ. ಈ ತಾಲೂಕಿನಲ್ಲಿ ಬೇರೆ ಯಾರಿಗೂ ಈಜಿಪ್ಟಿನ ಅಗತ್ಯ ಬಿದ್ದಿಲ್ಲ, ಅಷ್ಟೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಭತ್ತದ ರೇಟು ಏನಾಯಿತು ಎನ್ನುವುದೇ ಇಲ್ಲಿಯವರಿಗೆ ಇತಿಹಾಸ, ಅದೇ ಪುರಾಣ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಾನೊಬ್ಬ ಮಾತ್ರ, ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬರುವ ಪಿರಮಿಡ್ಡಿನ ಪಿಕ್ಚರುಗಳನ್ನು ನೋಡಿ ನೋಡಿ, ಫೇರೋಗಳ ವಂಶಾವಳಿಯನ್ನು ನಮ್ಮ ವಂಶಾವಳಿಗಿಂತ ಚೆನ್ನಾಗಿ ಬಲ್ಲವನಾಗಿದ್ದೆ. (ನಮ್ಮ ವಂಶದಲ್ಲಿ ಮುತ್ತಜ್ಜನಿಂದಾಚೆ ಯಾರಿದ್ದರೋ ಯಾರಿಗೂ ಗೊತ್ತಿಲ್ಲ. ಅವರು ಏನನ್ನೂ ಗೋಡೆಯ ಮೇಲೆ ಕೆತ್ತಿಸಿಟ್ಟು ಹೋಗಲಿಲ್ಲ.)

ಈ ಪಿಕ್ಚರುಗಳನ್ನು ನೀವೂ ನೋಡಿರುತ್ತೀರಿ. ಹ್ಯಾಟು ಹಾಕಿದ ಒಬ್ಬ ಹೀರೋ, ತುಂಬಾ ಓದಿದ ಒಬ್ಬ ಹುಡುಗಿ, ಒಂದು ಹರಿದ ನಕಾಶೆ. 'ಇದನ್ನು ಮುಟ್ಟಿದವರು ಹಾಳಾಗಿ ಹೋಗಲಿ' ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಹುಡುಗಿ ಅದನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಆಮೇಲೆ ಮುಟ್ಟುತ್ತಾಳೆ. ಮೈತುಂಬ ಬಟ್ಟೆ ಸುತ್ತಿಕೊಂಡ ರಾಜ ಸಾವಿರಾರು ವರ್ಷದ ನಿದ್ದೆಯಿಂದ ಎದ್ದು ಕೂರುತ್ತಾನೆ. ನಮ್ಮ ಕಡೆ ಬರುವ ಪಿಕ್ಚರುಗಳಲ್ಲಿ ಎಲ್ಲರೂ ತೆಲುಗು ಮಾತಾಡುತ್ತಾರೆ. ನಾಯಿಮುಖದ ದೇವರ ತೆಲುಗಂತೂ ಬಲು ಶುದ್ಧ.

ನನ್ನ ಹೆಂಡತಿ ಅಂಬಿಕಾ ಈ ಮಹಾನ್ ಕಲೆಗೆ ಇಟ್ಟ ಹೆಸರು 'ಹೆಣದ ಪಿಚ್ಚರ್'.

"ಐತವಾರ ದಿನ ಮನ್ಯಾಗ ಹೆಣ ಎಬ್ಬಿಸಬ್ಯಾಡ್ರಿ," ಎಂದು ಆಕೆ ತಾಟು ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. "ಆ ಹುಳ ಹರಿದಾಡೋದು ನೋಡಿದ್ರ ಕೈಯಾಗಿನ ತುತ್ತು ಒಳಗ ಇಳಿಯಂಗಿಲ್ಲ."

"ಅದು ಬರೇ ಹುಳ ಅಲ್ಲಲೇ. ಸೂರ್ಯದೇವರ ಅಂಶ ಅದು. ಪವಿತ್ರ ಹುಳ!"

"ಸಗಣಿ ಉಳ್ಳಿಸೋ ಹುಳ ರೀ ಅದು. ನಮ್ಮ ತವರುಮನಿ ತಿಪ್ಪ್ಯಾಗ ರಗಡ ಅದಾವು. ನಾವೇನ್ ಟಿಕೀಟ್ ಹಚ್ಚಿ ತೋರಿಸಾಕತ್ತೀವೇನು?"

ಇಂಥ ಮನೆಯಲ್ಲಿ ನನಗಿದ್ದ ಒಬ್ಬಳೇ ಒಬ್ಬ ಅಭಿಮಾನಿಯೆಂದರೆ ನನ್ನ ಅವ್ವ, ಬಸವಣ್ಣೆಮ್ಮ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಪಾಮನಕಲ್ಲೂರಿನಿಂದ ಸಿಂಧನೂರಿಗೆ ಕರೆತಂದಿದ್ದೆ. ಭಾನುವಾರ ನಾನು ಟೀವಿ ಹಚ್ಚಿದರೆ ಸಾಕು, ಹುಣಸೆಹಣ್ಣಿನ ಬುಟ್ಟಿ ಎಳೆದುಕೊಂಡು, ಕಾಲು ಚಾಚಿ ನನ್ನ ಪಕ್ಕದಲ್ಲಿ ಕೂತುಬಿಡುತ್ತಿದ್ದಳು. ಬೀಜ ಬಿಡಿಸುತ್ತ ಬಿಡಿಸುತ್ತ ಒಂದೊಂದೇ ಪ್ರಶ್ನೆ ತೆಗೆಯುತ್ತಿದ್ದಳು.

"ರಾಜೇಶಪ್ಪಾ, ಆ ನಾಯಿಮಾರಿ ದೇವ್ರು ತಕ್ಕಡಿ ಯಾಕ ಹಿಡ್ಕೊಂಡಾನ?"

"ಸತ್ತವರ ಎದಿ ತೂಗ್ತಾನಬೇ. ಒಂದು ಕಡಿ ಎದಿ, ಇನ್ನೊಂದು ಕಡಿ ಪುಕ್ಕ. ಎದಿ ಭಾರ ಆತಂದ್ರ ಮೊಸಳಿಮಾರಿ ಪ್ರಾಣಿ ಅದನ್ನ ನುಂಗಿಬಿಡ್ತೈತಿ."

"ಪುಕ್ಕದಷ್ಟು ಹಗುರ ಎದಿ ಯಾರದೈತಪ್ಪಾ? ಮಕ್ಕಳನ್ನ ಹಡೆದಾಕಿದಂತೂ ಇರಾಂಗಿಲ್ಲ."

ಎಂಥ ಆಸಕ್ತಿ, ಎಂಥ ಜಿಜ್ಞಾಸೆ! ನಾನು ಉಬ್ಬಿಹೋಗಿ, ಹೆಣಕ್ಕೆ ಬಟ್ಟೆ ಸುತ್ತುವ ಕ್ರಮದಿಂದ ಹಿಡಿದು ನೈಲ್ ನದಿಯ ಪ್ರವಾಹದವರೆಗೆ ವಿವರಿಸುತ್ತಿದ್ದೆ. ಪಿಕ್ಚರು ಮುಗಿದರೂ ನನ್ನ ಉಪನ್ಯಾಸ ಮುಗಿಯುತ್ತಿರಲಿಲ್ಲ. ಅವ್ವ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಒಬ್ಬ ವಿದ್ವಾಂಸನಿಗೆ ಇದಕ್ಕಿಂತ ಇನ್ನೇನು ಬೇಕು?

ಹಾಗಿರುವಾಗ ಸಿಂಧನೂರಿನ ಟಾಕೀಸಿಗೇ ಒಂದು ಹೊಸ ಈಜಿಪ್ಟ್ ಪಿಕ್ಚರು ಬಂತು. ಹದ್ದಿನ ಮುಖದ ದೇವರು ಆಕಾಶದಲ್ಲಿ ಹಾರಾಡುವುದು, ಮರಳು ಎದ್ದು ಊರು ನುಂಗುವುದು, ಎಲ್ಲ ದೊಡ್ಡ ಪರದೆಯ ಮೇಲೆ. "ಅವ್ವಾ, ಬರೋ ಐತವಾರ ನಿನ್ನ ಕರ್ಕೊಂಡ್ ಹೋಗಿ ತೋರಿಸ್ತೀನಿ" ಎಂದೆ. ಅವ್ವ "ಆತಪ್ಪಾ" ಎಂದಳು. ಬುಧವಾರ ಜ್ವರ ಬಂತು. ಶನಿವಾರ ಅವ್ವ ಹೋಗಿಬಿಟ್ಟಳು. ಟಾಕೀಸಿಗೆ ಕರೆದೊಯ್ಯಬೇಕಿದ್ದ ಭಾನುವಾರ ಅವಳನ್ನು ಪಾಮನಕಲ್ಲೂರಿಗೆ ಒಯ್ದು, ನಮ್ಮ ಹೊಲದಲ್ಲಿ ಅಪ್ಪನ ಪಕ್ಕಕ್ಕೆ ಮಣ್ಣು ಮಾಡಿದೆವು.  ಮಸ್ಕಿ ದಾಟಿ ವಾಪಸು ಮನೆಗೆ ಬಂದರೆ ಬುಟ್ಟಿಯಲ್ಲಿ ಅರ್ಧ ಬಿಡಿಸಿದ ಹುಣಸೆಹಣ್ಣು ಹಾಗೇ ಇತ್ತು. ಅಂಬಿಕಾ ಅದನ್ನು ನೋಡಿ ಅತ್ತಳು. ಮನೆ ಬಣ ಬಣ ಎನ್ನತೊಡಗಿತು. ಇಷ್ಟು ಚಿಕ್ಕ ಹೆಂಗಸು ಇಷ್ಟು ಜಾಗ ತುಂಬಿಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಮುಂದೆ ಅವ್ವನ ದಿನದ ಕಾರ್ಯ, ಅಂದರೆ ತಿಥಿ, ಬಂತು. ನಮ್ಮಲ್ಲಿ ಅವತ್ತು ಸತ್ತವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ ಸಮಾಧಿಯ ಮುಂದೆ ಎಡೆ ಇಡುತ್ತೇವೆ. ಅದನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಜೀವ ತೃಪ್ತಿಯಿಂದ ಹೋಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆ ಆಸೆ ಏನೆಂದು ಬದುಕಿರುವವರು ಊಹಿಸಿ, ನಡೆಸಿಕೊಡುತ್ತೇವೆಂದು ಕೈಮುಗಿದು ಮಾತು ಕೊಡಬೇಕು. ಅಲ್ಲಿಯವರೆಗೆ ಬಂದ ಬಳಗ ಒಂದು ಅಗುಳನ್ನೂ ಬಾಯಿಗೆ ಹಾಕುವಂತಿಲ್ಲ.

ಅಂಬಿಕಾ ಬೆಳಗಿನ ಜಾವದಿಂದ ಒಲೆ ಮುಂದೆ ಕೂತು ಹೋಳಿಗೆ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಮಾಡಿದ್ದಳು. ಪಾಮನಕಲ್ಲೂರಿನ ಹೊಲದಲ್ಲಿ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತೆವು. ಬೇವಿನ ಮರದ ತುಂಬ ಕಾಗೆಗಳಿದ್ದವು. ಅವು ಎಡೆಯನ್ನು ನೋಡಿದವು, ನಮ್ಮನ್ನು ನೋಡಿದವು, ಆಮೇಲೆ ಬೇರೆ ಕಡೆ ನೋಡತೊಡಗಿದವು. ಒಂದೂ ಕೆಳಗಿಳಿಯಲಿಲ್ಲ.

ಬಿಸಿಲು ಏರಿತು. ಅವ್ವನ ತಂಗಿ, ನನ್ನ ಚಿಗವ್ವ ಯಂಕಮ್ಮ, ಸೆರಗು ತಲೆಗೆ ಹೊದ್ದು ಮುಂದೆ ಬಂದಳು. "ನಮ್ಮಕ್ಕಗ ತಂಬಾಕ ಅಂದ್ರ ಜೀವ, ಇಡ್ರಬೇ" ಎಂದಳು. ತಂಬಾಕು ಇಟ್ಟೆವು. ಕಾಗೆ ಬರಲಿಲ್ಲ. ಲಿಂಗಸುಗೂರಿನಿಂದ ಬಂದಿದ್ದ ನನ್ನ ಅಕ್ಕ ಗಾಯತ್ರಿ ಕಣ್ಣೊರೆಸಿಕೊಂಡು, "ಯವ್ವಾ, ನಿನ್ನ ಹಿತ್ತಾಳಿ ಕೊಡ ನನಗ ಬ್ಯಾಡಬೇ, ಅಂಬಿಕಾನಾ ಇಟ್ಕೊಳ್ಳಲಿ" ಎಂದು ದೊಡ್ಡ ತ್ಯಾಗ ಮಾಡಿದಳು. ಆಗಲೂ ಬರಲಿಲ್ಲ. (ಅಕ್ಕನ ಮುಖದಲ್ಲಿ ನಿರಾಳ ಎದ್ದು ಕಾಣುತ್ತಿತ್ತು. ಕೊಡ ಅಂದೇ ಲಿಂಗಸುಗೂರಿಗೆ ಹೋಯಿತು.)

ಜನ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟತೊಡಗಿದರು. "ಒಬ್ಬನಾ ಮಗ ನೋಡು. ಮುದುಕಿನ ಹ್ಯಾಂಗ ನೋಡ್ಕೊಂಡಿದ್ನೋ ಏನೋ" ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು.  ಊರವರ ಮಾತು ಒತ್ತಟ್ಟಿಗಿರಲಿ. ಅವ್ವ ನನ್ನ ಮೇಲೆ ಬೇಸರ ಇಟ್ಟುಕೊಂಡು ಹೋದಳೇ ಎಂಬ ಭಯ ಹತ್ತಿತು. ಆಗಲೇ ತಟ್ಟನೆ ಹೊಳೆಯಿತು. ಪಿಕ್ಚರು! ಮಾತು ಕೊಟ್ಟು ತೋರಿಸದೇ ಹೋದ ಈಜಿಪ್ಟ್ ಪಿಕ್ಚರು!

ನಾನು ಎಲ್ಲರ ಮುಂದೆ ನಿಂತು ಘೋಷಿಸಿದೆ. "ಅವ್ವನ ಆಸಿ ನನಗ ಗೊತ್ತಾತು. ಈಜಿಪ್ಟಿನ್ಯಾಗೂ ಹಿಂಗಾ ಐತಿ. ಸತ್ತವರ ಜೀವ ಮನುಷ್ಯಾನ ಮಾರಿ ಇರೋ ಹಕ್ಕಿ ಆಗಿ ಸಮಾಧಿಗೆ ತಿರುಗಿ ಬರ್ತೈತಿ. ಅದರ ಹೆಸರು 'ಬಾ' ಅಂತ."

"ಯಾರಿಗೆ ಬಾ ಅಂತೀಯೋ?" ಎಂದಳು ಚಿಗವ್ವ, ಹಸಿವಿನಿಂದ ಸಿಟ್ಟಾಗಿ. "ಕಾಗಿಗೆ ಬಾ ಅನ್ನು ಮದ್ಲ."

ಅಂಬಿಕಾ ನನ್ನ ತೋಳು ಹಿಡಿದೆಳೆದಳು. "ಕೈ ಮುಗಿತೀನ್ರಿ, ಇಲ್ಲಿ ಬ್ಯಾಡ. ಬೀಗರೆಲ್ಲಾ ನಿಂತಾರ."

"ನಿನಗೇನ್ ಗೊತ್ತಲೇ? ನಮ್ಮವ್ವನ ಮನಸು ನನಗ ಗೊತ್ತು!"

ಹೆಂಡತಿಯ ಮಾತು ಮೀರಿ ನಡೆಯುವ ಧೈರ್ಯ ನನಗೆ ವರ್ಷಕ್ಕೊಮ್ಮೆ ಬರುತ್ತದೆ. ಅದು ಅವತ್ತೇ ಬರಬೇಕೇ? ಮೊಬೈಲು ತೆಗೆದೆ. ಹೊಲದಲ್ಲಿ ನೆಟ್‌ವರ್ಕ್ ಇರಲಿಲ್ಲ. ಬದುವಿನ ಮೇಲೆ ಹತ್ತಿದೆ, ಕಲ್ಲಿನ ಮೇಲೆ ಹತ್ತಿದೆ, ಕೊನೆಗೆ ಅಪ್ಪನ ಸಮಾಧಿಯ ಕಟ್ಟೆ ಹತ್ತಿ (ಅಪ್ಪ ಕ್ಷಮಿಸಲಿ) ಕೈ ಮೇಲೆತ್ತಿದಾಗ ಸಿಕ್ಕಿತು. ಆ ಪಿಕ್ಚರಿನ ಟ್ರೇಲರ್ ಹುಡುಕಿ, ಸೌಂಡು ಪೂರ್ತಿ ಏರಿಸಿ, ಅವ್ವನ ಸಮಾಧಿಯ ಕಡೆಗೆ ತಿರುಗಿಸಿ ಹಿಡಿದೆ.

ಮೊದಲು ಬಂದದ್ದು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಒಬ್ಬ ಹುಡುಗಿ ಮಾರುದ್ದ ಕೂದಲು ಬೀಸಿ ಬೀಸಿ ನಕ್ಕಳು. ಬಳಗದ ಹಿರಿಯರಿಬ್ಬರು ಇದು ಯಾವುದೋ ದೇವಿಯಿರಬೇಕೆಂದು ಕೈಮುಗಿದರು. ಆಮೇಲೆ ಡೋಲು ಬಡಿಯತೊಡಗಿತು. ಮರುಭೂಮಿ ಕಂಡಿತು. ತೆಲುಗಿನಲ್ಲಿ ಒಂದು ಗಡಸು ದನಿ, 'ಸಮಾಧಿಯೊಳಗೆ ಮಲಗಿದವನು ಏಳುತ್ತಾನೆ' ಎಂದು ಗುಡುಗಿತು. ನಮ್ಮ ಕಡೆಯ ಮಂದಿಗೆ ಅಷ್ಟು ತೆಲುಗು ಬರುತ್ತದೆ. ಎಲ್ಲರೂ ಒಮ್ಮೆಲೇ ಅವ್ವನ ಸಮಾಧಿಯ ಕಡೆ ನೋಡಿದರು. ಅದೇ ಹೊತ್ತಿಗೆ ಪರದೆಯಲ್ಲಿ ಮರಳು ಸೀಳಿಕೊಂಡು ಒಂದು ಕೈ ಹೊರಗೆ ಬಂತು. ಇಡೀ ಹೊಲ ನಡುಗುವಂತೆ ಹೆಣ ಅಬ್ಬರಿಸಿತು.

"ಯವ್ವಾ, ಎದ್ದ ಬಿಟ್ಳು!" ಎಂದು ಚಿಗವ್ವ ಓಡಿದಳು. ಮೊಣಕಾಲು ನೋವೆಂದು ಗಾಡಿಯಿಂದ ಇಬ್ಬರು ಹಿಡಿದು ಇಳಿಸಿದ್ದ ಹೆಂಗಸು, ತೊಗರಿ ಸಾಲುಗಳನ್ನು ಹಾರಿ ಹಾರಿ ದಾಟಿದಳು. ಅಕ್ಕ ಅವಳ ಹಿಂದೆ ಓಡಿದಳು. ಕೈಮುಗಿದಿದ್ದ ಹಿರಿಯರು ಚಪ್ಪಲಿ ಬಿಟ್ಟು ಓಡಿದರು. ಬೇವಿನ ಮರದ ಕಾಗೆಗಳೆಲ್ಲ ಕಾವ್ ಕಾವ್ ಎಂದು ಎದ್ದು ಊರಾಚೆ ಹೋದವು. ಅಷ್ಟು ಹೊತ್ತು ಒಂದು ಕಾಗೆ ಬರಲೆಂದು ಕಾದಿದ್ದವರ ಮುಂದೆ ಈಗ ಒಂದು ಗುಬ್ಬಿಯೂ ಉಳಿಯಲಿಲ್ಲ. ಕಟ್ಟೆಯ ಮೇಲೆ ಕೈ ಎತ್ತಿಕೊಂಡು ನಿಂತಿದ್ದವನು ನಾನೊಬ್ಬನೇ.

ಅಂಬಿಕಾ ಮಾತ್ರ ಓಡಲಿಲ್ಲ. ಬಂದು ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಬಂದ್ ಮಾಡಿದಳು.   ಜನರನ್ನೆಲ್ಲ ಸಮಾಧಾನ ಮಾಡಿ ವಾಪಸು ಕರೆತಂದಳು, ಮಗುಚಿದ ನೀರಿನ ತಂಬಿಗೆ ತುಂಬಿಸಿಟ್ಟಳು. ಎಷ್ಟೋ ಹೊತ್ತಾದ ಮೇಲೆ ಕಾಗೆಗಳೂ ಒಂದೊಂದಾಗಿ ಬೇವಿನ ಮರಕ್ಕೆ ಬಂದು ಕೂತವು. ಆಗ ಅಂಬಿಕಾ ಎಡೆಯ ಮುಂದೆ ಮಂಡಿಯೂರಿ, ಸೆರಗೊಡ್ಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅತ್ತಿ, ನಿಮ್ಮ ಪಾದದ ಆಣಿ ಮಾಡಿ ಹೇಳ್ತೀನಿ. ಇನ್ನ ಮ್ಯಾಲ ನಮ್ಮ ಮನ್ಯಾಗ ಆ ಹೆಣದ ಪಿಚ್ಚರ್ ಹಚ್ಚಾಂಗಿಲ್ಲ. ನಿಮ್ಮ ಮಗ ಕೇಳಿಲ್ಲಂದ್ರ ಟೀವಿನಾ ಮಾರಿಬಿಡ್ತೀನಿ. ಸಮಾಧಾನ ಮಾಡ್ಕೋರಿ, ಬಂದು ಉಣ್ಣ್ರಿ."

ಆಕೆ ಇನ್ನೂ ಎದ್ದಿರಲಿಲ್ಲ. ಕಾಗೆ ಬಂತು. ಅದು ಬಂದ ರಭಸ ನೋಡಿದರೆ ಈ ಒಂದು ಮಾತಿಗಾಗಿಯೇ ಬೆಳಗಿನಿಂದ ತಡೆದುಕೊಂಡು ಕೂತಂತಿತ್ತು. ಸೀದಾ ಹೋಳಿಗೆಗೆ ಬಾಯಿ ಹಾಕಿತು. ಹಿಂದೆಯೇ ಮರದಲ್ಲಿದ್ದವೆಲ್ಲ ಕೆಳಗಿಳಿದವು. ಪುಂಡಿಪಲ್ಯವನ್ನೂ ಬಿಡಲಿಲ್ಲ.

"ಇದಾ ನೋಡ್ರಿ ನಮ್ಮಕ್ಕನ ಆಸಿ!" ಎಂದು ಚಿಗವ್ವ ಚಪ್ಪಾಳೆ ತಟ್ಟಿದಳು. "ಇಷ್ಟ ದಿನ ಬಾಯಿ ಬಿಟ್ಟು ಹೇಳಿಲ್ಲ, ಪಾಪ!" ಎಲ್ಲರೂ ನಕ್ಕರು. ಕಣ್ಣೀರು ಹಾಕುತ್ತಿದ್ದವರೂ ನಕ್ಕರು. ಊಟದ ಎಲೆಗಳು ಬಿದ್ದವು, ಬಳಗ ಸಾಲಾಗಿ ಉಣ್ಣಲು ಕೂತಿತು.

ನಾನು ಬದುವಿನ ಮೇಲೆ ಒಬ್ಬನೇ ಹೋಗಿ ಕೂತೆ. ನನಗೆ ಸಿಟ್ಟು ಬಂದಿತ್ತು. ಕಾಗೆಯ ಮೇಲೆ, ಹೆಂಡತಿಯ ಮೇಲೆ, ಸತ್ತ ಅವ್ವನ ಮೇಲೂ. ಅಂಬಿಕಾ ಊಟದ ತಾಟು ತಂದು ನನ್ನ ಮುಂದಿಟ್ಟು ಪಕ್ಕದಲ್ಲಿ ಕೂತಳು.

"ಅವ್ವಗ ಆ ಪಿಕ್ಚರ್ ಸೇರ್ತಿದ್ದಿಲ್ಲೇನು?" ಎಂದೆ.

"ಸೇರೋದು ಎಲ್ಲಿ ಬಂತ್ರಿ? ಹೆದರಿ ಸಾಯ್ತಿದ್ರು. ಐತವಾರ ಬಂತಂದ್ರ ನನ್ನ ಬಾಜೂಕ ಹಾಸಿಗಿ ಹಾಕಿಸ್ಕೊಂತಿದ್ರು. ನೀವು ಗೊರಕಿ ಹೊಡಿತಿದ್ರಿ, ನಿಮಗೇನ್ ಗೊತ್ತು?"

"ಮತ್ತ ನನ್ನ ಕೂಡ ಯಾಕ ಕುಂದ್ರತಿದ್ಳು? ಅಷ್ಟೆಲ್ಲಾ ಯಾಕ ಕೇಳ್ತಿದ್ಳು?"

ಅಂಬಿಕಾ ತಾಟಿನಲ್ಲಿದ್ದ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದಳು.

"ನಾನೂ ಕೇಳಿದ್ದೆ. 'ಅತ್ತಿ, ಒಳಗ ಬಂದು ಕುಂದುರ್ರಿ, ಯಾಕ ಹೆದರ್ಕೊಂತ ನೋಡ್ತೀರಿ' ಅಂತ. ಅದಕ್ಕ ಅವ್ರು, 'ನನ್ನ ಮಗ ನನ್ನ ಕೂಡ ಬಾಯಿ ತುಂಬ ಮಾತಾಡೋದು ಅವಾಗಷ್ಟಾ ಅಂಬಿಕಾ. ಉಳಿದ ದಿನ ಉಂಡ್ಯಾ ಅಂತನೂ ಕೇಳಂಗಿಲ್ಲ. ನಾ ಏನರ ಕೇಳಿದ್ರ ಇನ್ನೊಂದೀಟು ಹೊತ್ತು ಮಾತಾಡ್ತಾನ' ಅಂದ್ರು."

 ಅಂಬಿಕಾ ಈ ಮಹಾವಿದ್ವಾಂಸನ ಬಾಯಿಗೆ ಆ ತುತ್ತು ಇಟ್ಟಳು. ನಾನು ಮೊಣಕಾಲಿಗೆ ಮುಖ ಒತ್ತಿ ಹೋ ಎಂದು ಅತ್ತುಬಿಟ್ಟೆ. ಉಣ್ಣುತ್ತಿದ್ದವರೆಲ್ಲ ಕೈ ತಡೆದು ತಿರುಗಿ ನೋಡಿದರು.

ಚಿಗವ್ವ ಕೂತಲ್ಲಿಂದಲೇ ಕೂಗಿದಳು. "ಲೇ ಅಂಬಿಕಾ, ಟೀವಿ ಮಾರಂಗಿಲ್ಲ ಅಂತ ಹೇಳಬೇ ಅವಗ. ಪಿಚ್ಚರಿನ ಸಲುವಾಗಿ ಹ್ಯಾಂಗ ಅಳಾಕತ್ತಾನ ನೋಡು. ತಾಯಿ ಸತ್ತಾಗನೂ ಇಷ್ಟು ಅತ್ತಿಲ್ಲ, ಮೂಳ!"