ಹನ್ನೆರಡು ಉಲ್ಲನ್ ಚೌಕಗಳ ಪರಾಕ್ರಮ

"ಈ ಕೈ ನೋಡು! ಹಗ್ಗ ಹೊಸೆದ ಕೈ, ಮಂಚಕ್ಕೆ ನವಾರು ಬಿಗಿದ ಕೈ! ಇದರ ಮುಂದೆ ನಿನ್ನ ಉಲ್ಲನ್ ದಾರ ಯಾವ ಲೆಕ್ಕ? ಹನ್ನೆರಡು ಚೌಕ ತಾನೆ? ಭಾನುವಾರದೊಳಗೆ ಹೆಣೆದು ನಿನ್ನ ಮಡಿಲಿಗೆ ಹಾಕ್ತೀನಿ!"

ಹೀಗಂತ ಹೆಂಡತಿ ಎದುರು ಎದೆ ತಟ್ಟಿಕೊಂಡವನು ಬೇರೆ ಯಾರೂ ಅಲ್ಲ ಸ್ವಾಮಿ, ನಾನೇ. ಮಾಸ್ತಿ ಪಕ್ಕದ ನಮ್ಮೂರಿನ ಹಾಲಿನ ಡೈರಿ ಕಾರ್ಯದರ್ಶಿ ಅಮರನಾಥ. ದಿನಾ ಎರಡು ಹೊತ್ತು ಊರಿನ ಹಾಲನ್ನೆಲ್ಲ ಅಳೆಯುವವನು, ನನ್ನ ಯೋಗ್ಯತೆ ಅಳೆದುಕೊಳ್ಳುವುದನ್ನು ಮಾತ್ರ ಆವತ್ತು ಮರೆತೆ.

ಆಗಿದ್ದಿಷ್ಟು. ನನ್ನ ಹೆಂಡತಿ ಸುನಂದ ವಾರಕ್ಕೊಂದು ಸಲ ಬಸ್ಸು ಹತ್ತಿ ಮಾಲೂರಿಗೆ ಹೋಗಿ, ನಾಹಿದ್ ಟೀಚರ್ ಹತ್ತಿರ ಕೊಕ್ಕೆ ಕಡ್ಡಿಯಲ್ಲಿ ಉಲ್ಲನ್ ಹೆಣೆಯುವ ಕ್ರೋಶಾ ಕಲಿತಳು. ಕಲಿತದ್ದೇ ಕಲಿತದ್ದು, ನಮ್ಮ ಮನೆಯಲ್ಲಿ ಯಾವ ವಸ್ತುವೂ ಬರಿ ಮೈಯಲ್ಲಿ ಉಳಿಯಲಿಲ್ಲ! ಟೀವಿಗೆ ಕವರ್, ಮಿಕ್ಸಿಗೆ ಕವರ್, ಫ್ರಿಜ್ಜಿನ ಹಿಡಿಗೂ ಒಂದು ಕುಲಾವಿ. ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾದರೆ, ಏಳುವಷ್ಟರಲ್ಲಿ ನನಗೂ ಒಂದು ಹೆಣೆದುಬಿಟ್ಟಾಳು ಅಂತ ಒಂದು ಕಣ್ಣು ತೆರೆದೇ ಮಲಗುತ್ತಿದ್ದೆ.

ಅಷ್ಟರಲ್ಲಿ ಶ್ರೀನಿವಾಸಪುರದಲ್ಲಿ ಅವಳ ಅಕ್ಕ ಆದಿಲಕ್ಷ್ಮಿ ಹೊಸ ಮನೆ ಕಟ್ಟಿಸಿದರು. ನಡುಮನೆಗೆ ಹೊಸ ದಿವಾನ ಮಂಚ ಬಂತು. ಸುನಂದ ಫೋನಿನಲ್ಲೇ ಆಣೆ ಇಟ್ಟಳು: "ಅಕ್ಕಾ, ದಿವಾನಕ್ಕೆ ಅಂಗಡಿ ಕವರ್ ತಂದ್ರೆ ನನ್ ಮೇಲಾಣೆ. ನಾನೇ ಹೆಣೀತೀನಿ. ಗೃಹಪ್ರವೇಶದ ದಿನ ಬಂದೋರೆಲ್ಲ ಬಾಯ್ ಬಿಟ್ಕೊಂಡು ನೋಡ್ಬೇಕು!"

ಅಗಲಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು ನಲವತ್ತೆಂಟು ಚೌಕ. ಪ್ರತಿ ಚೌಕದ ನಡುವೆ ಹಳದಿ, ಅದರ ಸುತ್ತ ಕೆಂಪು, ಆಮೇಲೆ ಹಸಿರು, ಅಂಚಿಗೆ ನೀಲಿ. ಮೂವತ್ತಾರು ಮುಗಿದು, ಗೃಹಪ್ರವೇಶಕ್ಕೆ ಇನ್ನು ಐದೇ ದಿನ ಅನ್ನುವಾಗ ಸುನಂದಳ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಎದ್ದಿತು! ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಗೋಡೆಗೊರಗಿ ಕೂತವಳು, "ಅಕ್ಕನ ಮುಂದೆ ನನ್ ಮರ್ಯಾದೆ ಹೋಯ್ತು ಕಣ್ರೀ" ಅಂತ ಮೂಗು ಒರೆಸಿಕೊಂಡಳು. ಆಗಲೇ ನೋಡಿ ನಾನು ಎದೆ ತಟ್ಟಿಕೊಂಡದ್ದು.

ಪಾಠ ಶುರುವಾಯಿತು. ಸುನಂದ ನಿಂಬೆಹಣ್ಣಿನ ಬೆರಳಲ್ಲೇ ತೋರಿಸಿದಳು. "ಮೊದ್ಲು ಸರಪಳಿ ಹಾಕಿ ಉಂಗುರ ಮಾಡಿ. ಉಂಗುರದೊಳಕ್ಕೆ ದಾರದ ಕಂಬ, ಮೂರು ಮೂರರ ನಾಲ್ಕು ಗುಂಪು. ಮುಂದಿನ ಸುತ್ತಿಗೆ ಬಣ್ಣ ಬದಲಾಯ್ಸಿ. ಮೂಲೆ ಬಂದಾಗ ಅದೇ ತೂತಿಗೆ ಎರಡು ಗುಂಪು ಹಾಕ್ಬೇಕು. ಮೂಲೆಗೆ ಎರಡು! ಮರೀಬೇಡಿ!"

"ಒಂದೇ ತೂತಿಗೆ ಎರಡು ಸಲ ಯಾಕೆ?"

"ನಾಹಿದ್ ಟೀಚರ್ ಹಂಗೇ ಹೇಳ್ಕೊಟ್ಟಿದ್ದು."

ನಾನು ತಲೆ ಆಡಿಸಿದೆ. ಮನಸ್ಸಿನಲ್ಲಿ ಮಾತ್ರ, ಅಯ್ಯೋ ದಡ್ಡರಾ, ಇದು ದಾರ ದಂಡ ಮಾಡುವ ವಿದ್ಯೆ ಅಂದುಕೊಂಡೆ. ಮೂಲೆಗೆ ಒಂದೇ ಗುಂಪು ಹಾಕಿದೆ. ಹಗ್ಗದ ಅಭ್ಯಾಸವಲ್ಲವೇ, ಪ್ರತಿ ಸುತ್ತು ಮುಗಿದ ಮೇಲೆ ಕಾಲುಬೆರಳಿಗೆ ಸಿಕ್ಕಿಸಿ ಜಗ್ಗಿ ಜಗ್ಗಿ ಬಿಗಿದೆ!

ಡೈರಿಯಲ್ಲೂ ಹೆಣಿಗೆ ಕೈ ಬಿಡಲಿಲ್ಲ. ಹಾಲು ಹಾಕಲು ಬಂದ ಆಂಜಿ, "ಎಷ್ಟಾಯ್ತು ಸಾರ್?" ಅಂದ.

"ಮೂರು ಕಂಬ!" ಅಂದೆ.

"ನಾನು ತಂದಿದ್ದು ಹಾಲು ಸಾರ್" ಅಂತ ಆಂಜಿ ಕ್ಯಾನಿನೊಳಗೆ ಇಣುಕಿ ನೋಡಿಕೊಂಡ. ಹಿಂದೆ ನಿಂತ ಸಾಲಿಗೆ ಸಾಲೇ ನಕ್ಕಿತು. ನಗಲಿ! ಮಹತ್ಕಾರ್ಯಕ್ಕೆ ಇಳಿದವನು ನಗುವವರ ಕಡೆ ನೋಡಬಾರದು.

ಶುಕ್ರವಾರಕ್ಕೆ ಹನ್ನೆರಡೂ ಮುಗಿದವು. ಒಂದರ ಮೇಲೊಂದು ಇಡೋಣ ಅಂತ ಹೋದರೆ ಒಂದರೊಳಗೊಂದು ಕೂತವು, ಸ್ಟೀಲ್ ಬಟ್ಟಲುಗಳ ಹಾಗೆ! ಚೌಕ ಅನ್ನುವುದು ಬಟ್ಟಲಾಗುವುದುಂಟೇ? ತೂಕ ಹೇರಿದರೆ ಸರಿಹೋಗುತ್ತದೆ ಅಂತ ರಾಗಿ ಮೂಟೆಯ ಕೆಳಗಿಟ್ಟೆ. ಮಾರನೇ ದಿನ ಮೂಟೆ ಸರಿಸಿದೆ. ಚಪಾತಿಯ ಹಾಗೆ ಮಲಗಿದ್ದವು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ನನ್ನ ಕಣ್ಣೆದುರಿಗೇ ಒಂದೊಂದಾಗಿ ಪೂರಿಯ ಹಾಗೆ ಉಬ್ಬಿ ಎದ್ದು ಕೂತವು!

ಸರಿ, ಮೂವತ್ತಾರು ಒಳ್ಳೆಯವರ ಸಹವಾಸದಲ್ಲಿ ಈ ಹನ್ನೆರಡು ಪೋಕರಿಗಳೂ ತಿದ್ದಿಕೊಂಡಾವು ಅಂತ, ಎಲ್ಲವನ್ನೂ ನಾನೇ ಸೇರಿಸಿ ಹೊಲಿದು ಕಾಗದದಲ್ಲಿ ಸುತ್ತಿಟ್ಟೆ.

"ರೀ, ಒಂದ್ಸಲ ತೋರ್ಸಿ."

"ಅಲ್ಲೇ ನೋಡುವೆಯಂತೆ. ಮದುವೆ ಹೆಣ್ಣಿನ ಮುಖಾನ ಮುಹೂರ್ತಕ್ಕೆ ಮುಂಚೆ ತೋರಿಸ್ತಾರಾ?"

ಭಾನುವಾರ ಶ್ರೀನಿವಾಸಪುರದ ಹೊಸ ಮನೆ ತುಂಬ ನೆಂಟರು. ಹಸು ಕರು ಇನ್ನೂ ಒಳಗೆ ಬಂದಿರಲಿಲ್ಲ, ಹೊಸ್ತಿಲಾಚೆ ನಿಂತಿದ್ದವು. ಆದಿಲಕ್ಷ್ಮಿ ಎಲ್ಲರನ್ನೂ ಕರೆದು, "ನಮ್ ತಂಗಿ ಹೆಣ್ದಿರೋದು ನೋಡ್ರಮ್ಮಾ" ಅಂತ ಕವರ್ ಕೊಡವಿ ದಿವಾನದ ಮೇಲೆ ಹರಡಿದರು. ತಲೆ ಕಡೆಯಿಂದ ಮೂವತ್ತಾರು ಚೌಕ ರಂಗೋಲಿಯ ಹಾಗೆ ಮಲಗಿದವು. ಕಾಲು ಕಡೆ ನನ್ನ ಎರಡು ಸಾಲು ಎದ್ದು ನಿಂತವು!

ನೆಂಟರೆಲ್ಲ ಕತ್ತು ಚಾಚಿ ನೋಡಿದರು.

"ಎಲೆಕೋಸಿನ ಹೊಲ ಇದ್ದಂಗಿದೆ" ಅಂದರು ಒಬ್ಬ ಅಜ್ಜಿ.

"ಇದೇನ್ರೀ?" ಅಂದಳು ಸುನಂದ. ದನಿ ಸಣ್ಣಗಿತ್ತು. ಸಣ್ಣ ದನಿಯೇ ಅಪಾಯ!

"ಡಿಸೈನು..." ಅಂದೆ.

"ಅಮರಪ್ಪ, ಇದರ ಮೇಲೆ ಕೂತ್ಕೊಳ್ಳೋದಾ, ಮೊಟ್ಟೆ ಇಡೋದಾ?" ಅಂದರು ಆದಿಲಕ್ಷ್ಮಿ. ಸುನಂದ ತಲೆ ತಗ್ಗಿಸಿದಳು. ಅವಳ ಅಷ್ಟು ದಿನದ ಕೆಲಸ, ಅಕ್ಕನ ಮುಂದಿನ ಮರ್ಯಾದೆ, ಎರಡೂ ನನ್ನ ಕೈಯಿಂದಲೇ ಹೋದವಲ್ಲ!

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಕರು ಮಾವಿನ ತೋರಣ ಮುಗಿಸಿ, ಬಾಳೆಕಂದಿಗೆ ಬಾಯಿ ಹಾಕಿ, ಪುರೋಹಿತರ ತಟ್ಟೆಯ ಬಾಳೆಹಣ್ಣಿಗೆ ನಾಲಿಗೆ ಚಾಚಿತ್ತು! ಹಸು ಹಿಡಿದುಕೊಂಡು ಬಂದಿದ್ದ ಆವಲಪ್ಪ ಅದನ್ನು ಎಳೆದು ಎಳೆದು ಸುಸ್ತಾಗಿ ಒಳಗೆ ಇಣುಕಿದ. ಅವನ ಕಣ್ಣು ದಿವಾನದ ಮೇಲೆ ಬಿತ್ತು.

"ಏಮಯ್ಯಾ! ಇಷ್ಟೊಂದು ಕುಕ್ಕೆ ಹೆಣ್ದಿಟ್ಕೊಂಡು ಸುಮ್ನೆ ನಿಂತಿದ್ದೀಯಲ್ಲಯ್ಯಾ! ಕತ್ತರಿ ಕೊಡ್ರಿ!"

ಕುಕ್ಕೆ ಅಂದರೆ ಕರು ಸಿಕ್ಕಿದ್ದನ್ನೆಲ್ಲ ತಿನ್ನದ ಹಾಗೆ ಮೂತಿಗೆ ಕಟ್ಟುವ ಬಲೆ. ಯಾರೂ ಬೇಡ ಅನ್ನುವಷ್ಟರಲ್ಲಿ ಆವಲಪ್ಪ ನನ್ನದೊಂದನ್ನು ಕತ್ತರಿಸಿ, ಎರಡು ಎಳೆ ದಾರ ಕಟ್ಟಿ ಕರುವಿನ ಮೂತಿಗೆ ಹಾಕಿದ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು ಸ್ವಾಮಿ! ಮುಂದೆ ಅರಿಶಿನ ಹಚ್ಚಿದ ಹಸು, ಹಿಂದೆ ನಾಲ್ಕು ಬಣ್ಣದ ಮೂತಿ ಹೊತ್ತ ಕರು. ಎರಡೂ ಹೊಸ ಮನೆ ಹೊಕ್ಕವು. ನೆಂಟರೆಲ್ಲ ಫೋನ್ ಎತ್ತಿ ಫೋಟೋ ತೆಗೆದದ್ದೇ ತೆಗೆದದ್ದು. ಆದಿಲಕ್ಷ್ಮಿ ಹೊಟ್ಟೆ ಹಿಡಿದು ನಕ್ಕರು. ಸುನಂದಳ ತುಟಿಯೂ ಒಂಚೂರು ಸಡಿಲವಾಯಿತು. ಮನೆಯಲ್ಲಿ ಕರು ಇದ್ದವರು ಉಳಿದ ಹನ್ನೊಂದನ್ನೂ ತಾಂಬೂಲದ ಜೊತೆ ಒಯ್ದರು.

ಹೊರಡುವಾಗ ಆದಿಲಕ್ಷ್ಮಿ ತಂಗಿಯ ಗಲ್ಲ ಮುಟ್ಟಿ, "ನೀನು ಹೆಣ್ದಿರೋದು ಬಂಗಾರ ಕಣೇ. ಆದ್ರೆ ಕಾಲು ಕಡೆ ಬೋಳಾಯ್ತಲ್ಲ, ಯಾವಾಗ ತುಂಬಿಸ್ತೀಯ?" ಅಂದರು. ಸುನಂದ ನಿಂಬೆಹಣ್ಣಿನ ಬೆರಳು ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು.

ಮರುದಿನವೇ ನನ್ನನ್ನು ನಾಹಿದ್ ಟೀಚರ್ ಮುಂದೆ ನಿಲ್ಲಿಸಿದಳು. ಟೀಚರ್ ಎಲ್ಲ ಕೇಳಿಸಿಕೊಂಡು, "ಭಾಯಿ ಸಾಬ್, ಮೂಲೆಗೆ ಎರಡು ಹಾಕಿದ್ರೆ ಚೌಕ, ಒಂದು ಹಾಕಿದ್ರೆ ಟೋಪಿ. ಇಷ್ಟೇ" ಅಂದರು. ಅಲ್ಲಿಂದ ಮನೆಯಲ್ಲಿ ಸುನಂದಳದು ಅದೇ ಜಪ. ಮುದ್ದೆ ಬಡಿಸುವಾಗ "ಮೂಲೆಗೆ ಎರಡು", ಸಾರು ಹಾಕುವಾಗ "ಮೂಲೆಗೆ ಎರಡು"!

"ನನಗೆ ನಿನ್ನ ಚೌಕ ಬೇಡವೇ ಬೇಡ!" ಅಂತ ಕೈ ಮುಗಿದೆ.

ಆಗ ಬಂತು ನೋಡಿ ಆವಲಪ್ಪನ ಫೋನು! ಅವನ ಕೇರಿಯವರಿಗೆ ಇನ್ನೂ ಹನ್ನೆರಡು ಕುಕ್ಕೆ ಬೇಕಂತೆ. ನನ್ನ ಎದೆ ಮತ್ತೆ ಉಬ್ಬಿತು.

"ಕೇಳಿಸ್ಕೊಂಡೆಯೇನೇ? ಕುಕ್ಕೆಗೆ ನಾನೇ ಬೇಕಂತೆ! ನನ್ನದು ಬೇರೆ ವಿದ್ಯೆ ಕಣೇ!"

ಜಗಲಿಯ ಮೇಲೆ ಕೂತೆ. ಕರುವಿಗೆ ತಾನೆ ಅಂತ ಭಯವಿಲ್ಲ, ಬಿಗಿತವಿಲ್ಲ, ಹಾಡು ಗುನುಗುತ್ತಾ ನಾಲ್ಕು ಸುತ್ತು ಮುಗಿಸಿ ಕೈ ಮೇಲೆತ್ತಿ ನೋಡುತ್ತೇನೆ, ತಟ್ಟೆಯ ಹಾಗೆ ಚಪ್ಪಟೆ! ನಾಲ್ಕು ಮೂಲೆ ನಾಲ್ಕು ದಿಕ್ಕಿಗೆ! ಮುಷ್ಟಿ ಒತ್ತಿದೆ, ಮೊಣಕಾಲಿಗೆ ಹೊದಿಸಿ ಎಳೆದೆ. ಊಹೂಂ! ಬಾಯಿ ಬೇಡವೆಂದರೂ ಕೈ ತಾನಾಗಿ ಮೂಲೆಗೆ ಎರಡು ಹಾಕಿಬಿಟ್ಟಿತ್ತು.

ಸುನಂದ ಬಂದು ಅದನ್ನು ಎತ್ತಿಕೊಂಡಳು. ಅಂಗೈ ಮೇಲೆ ಹರಡಿ ನೋಡಿದಳು. ಎಡಗೈಯಲ್ಲಿ ಫೋನ್ ಒತ್ತಿದಳು.

"ಅಕ್ಕಾ, ಕಾಲು ಕಡೆಗೆ ಒಂದು ಚೌಕ ಆಯ್ತು ಕಣೇ. ಮಿಕ್ಕಿದ ಹನ್ನೊಂದಕ್ಕೆ ಯೋಚ್ನೆ ಮಾಡ್ಬೇಡ. ಇವರು ಕುಕ್ಕೆ ಹೆಣೀತಾ ಕೂತಿದ್ದಾರೆ!"