ಅಗರದ ಗೆಳೆಯನ ಶಿಲ್ಪವೂ ನನ್ನ ಹೊಟ್ಟೆಯುರಿಯೂ

ಒಂದೇ ಮ್ಯೂಸಿಯಂನಲ್ಲಿ ಇಬ್ಬರು ಗೆಳೆಯರ ಕಲಾಕೃತಿ ಇಟ್ಟರೆ ಏನಾದರೊಂದು ಆಗದೆ ಇರುವುದಿಲ್ಲ. ನಾನು ಕೊಳ್ಳೇಗಾಲದ ಡ್ರಾಯಿಂಗ್ ಮೇಷ್ಟ್ರು, ಚಿತ್ರ ಬರೆಯುವವನು. ಜೊತೆಯಲ್ಲಿ ಓದಿದ ಗೆಳೆಯ ಯಳಂದೂರು ಪಕ್ಕದ ಅಗರದವನು, ಗುಜರಿ ಕಬ್ಬಿಣ ಬೆಸೆದು ಶಿಲ್ಪ ಮಾಡುತ್ತಾನೆ. ನಮ್ಮ ಕಡೆಯ ಕಲಾ ಮ್ಯೂಸಿಯಂನವರು ಪ್ರತಿ ಪ್ರದರ್ಶನಕ್ಕೂ ಇಬ್ಬರನ್ನೂ ಕರೆಯುತ್ತಾರೆ. ಜನ ಮಾತ್ರ ಅವನ ಹತ್ತಿರವೇ ಹೋಗುತ್ತಾರೆ.

ರಸಿಕರು

ಒಂದು ಸಲ ನಾನು ಬಂಡಳ್ಳಿಯ ರಾಗಿ ಹೊಲವನ್ನು ಗೋಡೆಯಗಲ ಬರೆದಿದ್ದೆ. ಅವನು ನೇಗಿಲ ಗುಳ, ಸೈಕಲ್ ಚೈನು ಸೇರಿಸಿ ಎತ್ತು ಮಾಡಿದ್ದ. ಬಂದವರೆಲ್ಲ ಎತ್ತಿನ ಸುತ್ತಲೇ. ನನ್ನ ಹೊಲದ ಕಡೆ ಒಂದು ನರಪಿಳ್ಳೆಯೂ ಇಲ್ಲ.

ಮಧ್ಯಾಹ್ನ ಹನೂರು ಕಡೆಯ ಅಜ್ಜಿಯೊಬ್ಬರು ನನ್ನ ಚಿತ್ರದ ಮುಂದೆ ಬಂದು ನಿಂತವರು ಕದಲಲೇ ಇಲ್ಲ. ಮುಖ ಮೇಲೆತ್ತಿ, ಮೈಮರೆತು ನಿಂತಿದ್ದಾರೆ! ಗೆಳೆಯನಿಗೆ ಕೇಳಿಸುವ ಹಾಗೆ ಜೋರಾಗಿ ಕೇಳಿದೆ, “ಹೆಂಗದೆ ಅಜ್ಜಿ?”

“ಸಂದಾಗದೆ ಕಣಪ್ಪಾ. ಆ ಎತ್ತಿನ ತಾವು ಬರೀ ಸೆಕೆ. ಈ ಫ್ಯಾನು ಒಳ್ಳೆ ಗಾಳಿ ಬೀಸ್ತದೆ.”

ಪತ್ರಿಕೆಯಲ್ಲಿ ನಾನು

ಅದೇ ಎತ್ತಿನ ಫೋಟೋ ತೆಗೆಯಲು ಪತ್ರಿಕೆಯವರು ಬಂದರು. ನಾನೂ ಉಪಾಯವಾಗಿ ಎತ್ತಿನ ಬಾಲದ ಹತ್ತಿರ ಹೋಗಿ ನಿಂತೆ. ಮರುದಿನ ಬೆಳಿಗ್ಗೆ ಎದ್ದವನೇ ಪೇಪರ್ ಬಿಡಿಸಿದರೆ ಫೋಟೋದಲ್ಲಿ ನಾನಿದ್ದೇನೆ! ಖುಷಿಯಿಂದ ಹೆಂಡತಿಯನ್ನು ಕೂಗಿದೆ. ಅವಳು ಕೆಳಗಿನ ಸಾಲು ಓದಿದಳು: “ಎತ್ತಿನ ಶಿಲ್ಪವನ್ನು ಬೆರಗಿನಿಂದ ನೋಡುತ್ತಿರುವ ಸಾರ್ವಜನಿಕರು.”

ಹೋಗಲಿ ಅಂತ ಹೆಂಡತಿ ಅಲ್ಲಿಗೇ ಬಿಡಬಹುದಿತ್ತು. ಅವಳು ಇನ್ನೊಮ್ಮೆ ಫೋಟೋ ನೋಡಿ, “ಬೆರಗು ಚೆನ್ನಾಗಿ ಬಂದದೆ ಕಣ್ರಿ” ಅಂದಳು.

ಬಾಯಾರಿಕೆ

ಹೊಟ್ಟೆಯುರಿ ತಡೆಯಲಾರದೆ ಮುಂದಿನ ಪ್ರದರ್ಶನಕ್ಕೆ ನಾನೂ ಕಬ್ಬಿಣಕ್ಕೇ ಕೈ ಹಾಕಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಕೂತು, ಬೆರಳು ಸುಟ್ಟುಕೊಂಡು, ಆಳೆತ್ತರದ ಒಬ್ಬ ಹೆಂಗಸನ್ನು ಮಾಡಿದೆ. ಅವಳಿಗೆ ಐದು ಕೈ, ಐದೂ ಅಂಗೈ ನೀರು ಬೇಡುವ ಬಟ್ಟಲು. ಹೆಸರು ‘ಬಾಯಾರಿಕೆ’. ಬಾಗಿಲ ಹತ್ತಿರವೇ ಜಾಗ ಸಿಕ್ಕಿತು. ಗೆಳೆಯ ಸುತ್ತು ಹಾಕಿ ನೋಡಿ, “ಪರವಾಗಿಲ್ಲ ಕಣ್ಲಾ” ಅಂದ. ಆ ‘ಪರವಾಗಿಲ್ಲ’ ನನ್ನನ್ನು ಇನ್ನಷ್ಟು ಉರಿಸಿತು.

ಉದ್ಘಾಟನೆಗೆ ಮುಂಚೆ ಇಬ್ಬರೂ ಕಾಫಿಗೆ ಹೋದೆವು. ವಾಪಸ್ ಬಂದರೆ ನನ್ನ ಹೆಂಗಸಿನ ಕತ್ತಿಗೆ ಸೇವಂತಿಗೆ ಹಾರ, ಹಣೆಗೆ ಕುಂಕುಮ, ಐದೂ ಅಂಗೈಯಲ್ಲಿ ಎಣ್ಣೆ, ಬತ್ತಿ!

“ಏನ್ರೀ ಇದು?” ಅಂತ ಹೂವಿನ ಅಲಂಕಾರದವನನ್ನು ಹಿಡಿದುಕೊಂಡೆ.

“ದೀಪದ ಕಂಬ ಸಾ. ಯಾಕ್ ಸಾ, ಎಣ್ಣೆ ಸಾಲ್ದಾ?”

ಅಷ್ಟರಲ್ಲಿ ಮುಖ್ಯ ಅತಿಥಿ ಬಂದೇಬಿಟ್ಟರು. ಶೂ ಬಿಚ್ಚಿ, ಐದೂ ಬತ್ತಿ ಹಚ್ಚಿ, ‘ಬಾಯಾರಿಕೆ’ಗೆ ಕೈಮುಗಿದರು. ಸಭೆಯೆಲ್ಲ ಚಪ್ಪಾಳೆ. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಗೆಳೆಯ ಈಗ ಬಿದ್ದು ಬಿದ್ದು ನಗುತ್ತಾನೆ ಅಂತ ಹೆದರುತ್ತಲೇ ತಿರುಗಿದೆ.

ಅವನ ಮುಖ ಹುಳ್ಳಗಾಗಿತ್ತು. ಹಲ್ಲು ಕಚ್ಚಿಕೊಂಡು ನನ್ನ ಕಿವಿಯಲ್ಲಿ ಅಂದ:

“ಇಷ್ಟು ವರ್ಷದಿಂದ ಶಿಲ್ಪ ಮಾಡ್ತಾವ್ನಿ, ನನ್ ಒಂದು ಶಿಲ್ಪದ ಮುಂದೂ ಯಾವನೂ ಶೂ ಬಿಚ್ಲಿಲ್ಲ ಕಣ್ಲಾ!”