ಐಸಿಯುನ ಮೂರು ಪ್ರಶ್ನೆಗಳು

ಐಸಿಯು ಒಳಗೆ ನಗುವಂಥದ್ದು ನಡೆಯುತ್ತದೆ ಎಂದರೆ ಹೊರಗೆ ಕಾದು ಕೂತವರು ನಂಬುವುದಿಲ್ಲ. ನಮ್ಮಲ್ಲಂತೂ ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ, ಅದೂ ಹೆಚ್ಚಾಗಿ ಮಧ್ಯಾಹ್ನ ಎರಡು ಗಂಟೆಗೆ.

ನಾನು ಮೈಸೂರಿನವಳು, ಚೆನ್ನೈಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಇನ್‌ಚಾರ್ಜ್ ನರ್ಸ್. ಎರಡು ಗಂಟೆಗೆ ಬೆಳಗಿನ ಪಾಳಿ ಮುಗಿದ ಮೇಲೆ ದೊಡ್ಡ ಡಾಕ್ಟರಿಂದ ಹಿಡಿದು ಆಯಮ್ಮನವರೆಗೆ ಎಲ್ಲರೂ ಸೇರಿ ಹತ್ತು ನಿಮಿಷ ನಿಂತುಕೊಂಡೇ ಮಾತಾಡುತ್ತೇವೆ. ಡಿಬ್ರೀಫಿಂಗ್ ಎಂದು ಅದರ ಹೆಸರು. ಮೂರೇ ಪ್ರಶ್ನೆ: ಇವತ್ತು ಏನು ಚೆನ್ನಾಗಿ ಆಯಿತು, ಏನು ತಪ್ಪಾಯಿತು, ನಾಳೆ ಏನು ಬದಲಾಯಿಸೋಣ. ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಆಯಮ್ಮ ಮಾತ್ರ ಇದನ್ನು ಪಂಚಾಯತ್ತು ಎನ್ನುತ್ತಾರೆ.

೧. ಕೈ ತೊಳೆದ ಕಥೆ

ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ದೊಡ್ಡ ಡಾಕ್ಟರು ಎದುರಿಗೆ ನಿಂತಿರುವಾಗ ತಪ್ಪು ಹೇಳಿ ಯಾರು ಸಿಕ್ಕಿಬೀಳುತ್ತಾರೆ? ಚಿಕ್ಕದಾದರೂ ಸರಿ, ಯಾರದಾದರೂ ಸರಿ, ಹೇಳಿ ಎಂದು ಅವರು ಎರಡು ಸಲ ಕೇಳಿಕೊಂಡರು. ಹಿಂದೆ ನಿಂತಿದ್ದ ಆಯಮ್ಮ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಮುಂದೆ ಬಂದರು. ಡಾಕ್ಟರು ಐದನೇ ಬೆಡ್ಡಿನಿಂದ ಆರನೇ ಬೆಡ್ಡಿಗೆ ಹೋಗುವಾಗ ಕೈ ತೊಳೆಯಲಿಲ್ಲ ಎಂದರು.

ಆಯಮ್ಮನ ಕೆಲಸ ಹೋಯಿತು ಅಂದುಕೊಂಡೆ. ಡಾಕ್ಟರು ಜೇಬಿನಿಂದ ಪೆನ್ನು ತೆಗೆದು, "ಹೌದು, ತೊಳೆಯಲಿಲ್ಲ" ಎಂದು ಪುಸ್ತಕದಲ್ಲಿ ತಾವೇ ಬರೆದರು. ಆಮೇಲೆ ಉಳಿದವರ ಬಾಯಿಯೂ ಬಿಚ್ಚಿತು. ನಮ್ಮ ತಂಡ ತಂಡವಾದದ್ದು ಆ ದಿನವೇ.

ಮರುದಿನದಿಂದ ದೊಡ್ಡ ಡಾಕ್ಟರು ಪ್ರತಿ ಬೆಡ್ಡಿನ ಮುಂದೆಯೂ, ಊಟಕ್ಕೆ ಕೂರುವ ಮಗುವಿನ ಹಾಗೆ, ಎರಡೂ ಕೈಯನ್ನು ಆಯಮ್ಮನಿಗೆ ತೋರಿಸಿ ಮುಂದೆ ಹೋಗುತ್ತಿದ್ದರು. ಆಯಮ್ಮ ಒಮ್ಮೊಮ್ಮೆ ವಾಪಸ್ಸೂ ಕಳಿಸುತ್ತಿದ್ದರು.

೨. ಪಾಟಿಯ ತೂಕ

ಇದು ನನ್ನದೇ ತಪ್ಪು. ತಮಿಳು ಚೆನ್ನಾಗಿ ಬರುತ್ತದೆ ಎಂಬ ಜಂಬ ನನಗೆ. ಅವಸರವಾದರೆ ಮಾತ್ರ ಕನ್ನಡದ ಪದಕ್ಕೇ ತಮಿಳಿನ ಬಾಲ ಹಚ್ಚಿಬಿಡುತ್ತೇನೆ. ಒಬ್ಬ ಅಜ್ಜಿಗೆ ಔಷಧಿ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಲು ಅವರ ತೂಕ ಬೇಕಿತ್ತು. ಪಾಟಿಯ, ಅಂದರೆ ಅಜ್ಜಿಯ, ತೂಕ ಎಷ್ಟು ಎಂದು ಹೊಸದಾಗಿ ಸೇರಿದ್ದ ನರ್ಸ್ ಹುಡುಗಿಯನ್ನು ಕೇಳಿದೆ: "ಪಾಟಿಯೋಡ ತೂಕ್ಕಂ ಎವ್ವಳವು?"

"ಮೂಣು, ಸಿಸ್ಟರ್."

ಮೂರು ಕೆಜಿ ಅಜ್ಜಿ! ಸರಿಯಾಗಿ ನೋಡಿ ಹೇಳು ಎಂದೆ. ಪಾಪ, ಅವಳು ಯೋಚಿಸಿ, ಪಾಟಿ ನಡುವೆ ಒಮ್ಮೆ ಎದ್ದಿದ್ದರು, ಎರಡೂವರೆ ಅನ್ನಬಹುದು ಎಂದಳು. ಆಗ ತಲೆಗೆ ಹೊಳೆಯಿತು. ತಮಿಳಿನಲ್ಲಿ ತೂಕ್ಕಂ ಎಂದರೆ ನಿದ್ದೆ.

ಎರಡು ಗಂಟೆಗೆ ನಾನೇ ಎಲ್ಲರ ಮುಂದೆ ಹೇಳಿಕೊಂಡೆ. ಇನ್ನು ಮೇಲೆ ವೆಯ್ಟ್ ಎಂದೇ ಕೇಳಬೇಕು, ಕಿಲೋ ಎಂದೇ ಹೇಳಬೇಕು ಎಂದು ಬರೆದದ್ದಾಯಿತು. ಎರಡು ಪಾಳಿ ಒಟ್ಟಿಗೆ ಮುಗಿಸಿ ಗೋಡೆಗೆ ಒರಗಿದ್ದ ಟೆಕ್ನಿಷಿಯನ್, ತನ್ನದೂ ಬರೆದುಕೊಳ್ಳಿ ಎಂದ: ವೆಯ್ಟ್ ಎಂಬತ್ತು, ತೂಕ್ಕಂ ಸೊನ್ನೆ.

೩. ಮನೆಯಲ್ಲಿ

ಈ ಅಭ್ಯಾಸ ಮನೆಗೂ ಬಂತು. ಒಂದು ಭಾನುವಾರ ಬೆಸೆಂಟ್ ನಗರದ ಬೀಚಿಗೆ ಹೋಗಿ ಬಂದ ಮೇಲೆ ಗಂಡನನ್ನೂ ಮಗಳನ್ನೂ ನಿಲ್ಲಿಸಿಕೊಂಡು ಏನು ಚೆನ್ನಾಗಿತ್ತು ಎಂದು ಕೇಳಿದೆ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುವವಳು. "ಕಡಲ್" ಎಂದಳು. ಏನು ತಪ್ಪಾಯಿತು? "ಇದು." ನಾಳೆ ಏನು ಬದಲಾಯಿಸೋಣ? ಅವಳು ಅಪ್ಪನ ಮುಖ ನೋಡಿದಳು. ಅವರು ಮೆಲ್ಲಗೆ, "ನಿನ್ನ ಪಾಳಿ" ಎಂದರು.

೪. ನಾಲ್ಕನೇ ಬೆಡ್ಡು

ಒಂದು ವಾರ ನಾವು ಎಂದೂ ಸೇರುವ ರೂಮಿಗೆ ಬಣ್ಣ ಹೊಡೆಯುತ್ತಿದ್ದರು. ಹಾಗಾಗಿ ನಾಲ್ಕನೇ ಬೆಡ್ಡಿನ ಪಕ್ಕದಲ್ಲೇ ನಿಂತು ಡಿಬ್ರೀಫಿಂಗ್ ಮಾಡಿದೆವು. ಅಲ್ಲಿ ಮಲಗಿದ್ದವರು ವಡಪಳನಿಯ ಸ್ಟುಡಿಯೋ ಒಂದರಲ್ಲಿ ಸೌಂಡ್ ರೆಕಾರ್ಡಿಂಗ್ ಮಾಡಿ ರಿಟೈರ್ ಆದವರು. ಜೋರು ನ್ಯುಮೋನಿಯಾ, ವೆಂಟಿಲೇಟರ್, ಮಂಪರಿನ ಔಷಧಿ. ಮಂಪರಿನಲ್ಲಿದ್ದರೂ ಕಿವಿ ಕೇಳಿಸಬಹುದು ಎಂದು ಹೊಸಬರಿಗೆ ಪಾಠ ಹೇಳುವವರೇ ನಾವು, ಆದರೂ ಮರೆತೆವು. ಎಲ್ಲರಿಗಿಂತ ಕಷ್ಟದಲ್ಲಿದ್ದವರು ಅವರೇ ಆದ್ದರಿಂದ ಡಾಕ್ಟರು ದಿನವೂ ಅವರ ವಿಷಯದಿಂದಲೇ ಮಾತು ಮುಗಿಸುತ್ತಿದ್ದರು. ಎರಡು ದಿನವಂತೂ ನಾನು ಆಸೆ ಬಿಟ್ಟೇ ಮನೆಗೆ ಹೋಗಿದ್ದೆ.

ಏಳನೇ ದಿನ ಟ್ಯೂಬ್ ತೆಗೆದೆವು. ಮತ್ತೆರಡು ದಿನಕ್ಕೆ ವಾರ್ಡಿಗೆ ಕಳಿಸುವುದೆಂದಾಯಿತು. ಕಳಿಸುವ ದಿನ ಎರಡು ಗಂಟೆ ಹೊಡೆದಾಗ ಅವರು ಕೈಸನ್ನೆ ಮಾಡಿ ನಮ್ಮನ್ನು ಕರೆದರು. ಪಂಚಾಯತ್ತಿನಲ್ಲಿ ತಾವೂ ಮಾತಾಡಬೇಕಂತೆ. ನಾವು ಮುಖ ಮುಖ ನೋಡಿಕೊಂಡೆವು. ಡಾಕ್ಟರು ಗಂಭೀರವಾಗಿ ಪುಸ್ತಕ ತೆರೆದು, ಏನು ಚೆನ್ನಾಗಿ ಆಯಿತು ಸರ್ ಎಂದು ಕೇಳಿದರು.

"ದಿನಾ ಒಬ್ಬರ ತಪ್ಪು ಒಬ್ಬರು ಹೇಳಿದಿರಿ, ಒಂದು ದಿನವೂ ಜಗಳ ಆಡಲಿಲ್ಲ. ಇಂಥವರ ಕೈಯಲ್ಲಿ ಇದ್ದೇನೆ ಅಂತ ಧೈರ್ಯ ಬಂತು."

ಆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷದಲ್ಲಿ ಯಾವ ಸರ್ಟಿಫಿಕೇಟೂ ನನ್ನನ್ನು ಅಷ್ಟು ಉಬ್ಬಿಸಿಲ್ಲ. ಡಾಕ್ಟರೂ ಉಬ್ಬಿದ್ದರು, ಅದೇ ಖುಷಿಯಲ್ಲಿ, ಏನು ತಪ್ಪಾಯಿತು ಎಂದರು.

"ನೀವು ಮಾತಿನ ಕೊನೆ ನುಂಗಿಬಿಡುತ್ತೀರಿ ಡಾಕ್ಟರ್. 'ನಾಲ್ಕನೇ ಬೆಡ್ಡಿನವರು ನಾಳೆಗೆ' ಅನ್ನುವವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಆಮೇಲೆ ಬರೀ ಗೊಣಗಾಟ. ಉಳಿಯುತ್ತೇನೋ ಹೋಗುತ್ತೇನೋ, ಮರುದಿನ ಎರಡು ಗಂಟೆಗಾದರೂ ತಿಳಿದೀತು ಅಂತಲೇ ಆರು ದಿನ ಜೀವ ಹಿಡಿದುಕೊಂಡಿದ್ದೆ."